ಅಪ್ಪಯ್ಯನ ಬೇಲಿ ಕೇಸು: ಬಿಟ್ಟರೆ ಸೋಲು, ಹಿಡಿದರೆ ಅವರದೇ ಆಟ. ಏನು ಮಾಡೋದು?

ಸಾಗರದ_ಮಾಣಿ
ಎಲ್ಲರಿಗೂ ನಮಸ್ಕಾರ. ಇದು ಕಾನೂನಿನ ಪ್ರಶ್ನೆಯೋ ಮನಸ್ಸಿನ ಪ್ರಶ್ನೆಯೋ ನನಗೇ ತಿಳಿಯುತ್ತಿಲ್ಲ. ಯಾರಾದರೂ ದಾರಿ ಹೇಳಿ.

ಸಾಗರ ತಾಲೂಕಿನಲ್ಲಿ ನಮ್ಮ ಅಡಿಕೆ ತೋಟ ಇದೆ. ಪಕ್ಕದ ತೋಟದವರು ಹಳೇ ಅಗಳ (ಗಡಿಯ ಕಂದಕ) ಮುಚ್ಚಿ ಬೇಲಿಯನ್ನು ನಮ್ಮ ಕಡೆ ಸರಿಸಿದ್ದಾರೆ ಅನ್ನೋದು ಅಪ್ಪಯ್ಯನ ತಕರಾರು. ಅಗಲ ಮೂರು ಅಡಿ, ಉದ್ದ ಸುಮಾರು ಹತ್ತು ಚೈನು. ಇಂಜಂಕ್ಷನ್ (ತಡೆಯಾಜ್ಞೆ) ಕೇಸು ಹಾಕಿ ವರ್ಷಗಳೇ ಆದವು. ಯಥಾಸ್ಥಿತಿ ಕಾಪಾಡಿ ಅಂತ ಮಧ್ಯಂತರ ಆದೇಶವೂ ಇದೆ. ತಾಪತ್ರಯ ಶುರುವಾಗಿದ್ದೇ ಆಮೇಲೆ.

ಪಕ್ಕದವರು ಒಂದು ಸೋಗೆ (ಅಡಿಕೆ ಗರಿ) ಈಚೆ ಎಸೆಯುತ್ತಾರೆ. ಅಪ್ಪಯ್ಯ ಫೋಟೋ ತೆಗೆದು, ಆದೇಶ ಮುರಿದರು ಅಂತ ಅರ್ಜಿ ಹಾಕಿಸುತ್ತಾರೆ. ಅವರು ಪೊಲೀಸ್ ಠಾಣೆಗೆ ದೂರು ಕೊಡುತ್ತಾರೆ. ಇವರು ಪ್ರತಿದೂರು ಕೊಡುತ್ತಾರೆ. ಮೊದಲೆಲ್ಲ ಅಪ್ಪಯ್ಯನ ಡೈರಿಯಲ್ಲಿ ಗೊಬ್ಬರ, ಆಳಿನ ಲೆಕ್ಕ, ಅಡಿಕೆಗೊನೆಯ ಕೊಯ್ಲು ಇರುತ್ತಿತ್ತು. ಈಗ ಅದರಲ್ಲಿರುವುದು ಹೀಗೆ: ‘ಬೆಳಿಗ್ಗೆ 7, ಅವನ ಆಳು ಬೇಲಿ ಪಕ್ಕ ನಿಂತಿದ್ದ. 9.30, ಸೋಗೆ. ಸಂಜೆ, ಟಾರ್ಚ್ ಬಿಟ್ಟು ನೋಡಿದ.’ ಪುಟಗಟ್ಟಲೆ ಹೀಗೇ.

ಕಳೆದ ಮಳೆಗಾಲ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಬರುತ್ತೇನೆ ಅಂದ ದಿನವೇ ಕೋರ್ಟಿನ ವಾಯ್ದೆ ಬಿತ್ತು. ಅಪ್ಪಯ್ಯ ಕೋರ್ಟಿಗೆ ಹೋದರು. ಆಮೇಲೆ ಮಳೆ ಬಿಡಲಿಲ್ಲ. ಆ ವರ್ಷ ಉದುರಿದ ಅಡಿಕೆಯ ಬೆಲೆಗೆ ಆ ಮೂರು ಅಡಿ ಜಾಗ ಎಷ್ಟು ಸಲ ಕೊಳ್ಳಬಹುದಿತ್ತೋ!

ಬಿಟ್ಟುಬಿಡಿ ಅಂದರೆ ‘ಹಾಗಾದರೆ ಅವನು ಗೆದ್ದ ಹಾಗಾಯ್ತಲ್ಲ’ ಅನ್ನುತ್ತಾರೆ. ನನಗೆ ಅನ್ನಿಸುವುದೇ ಬೇರೆ. ಆ ಮನುಷ್ಯ ಗೆಲ್ಲಬೇಕಾಗಿಯೇ ಇಲ್ಲ. ಕೇಸು ನಡೀತಾ ಇದ್ದರೆ ಅವರಿಗೆ ಅಷ್ಟೇ ಸಾಕು.

ಬೆಣ್ಣೆದೋಸೆ
ಬಿಟ್ಟುಬಿಡಿ ಗುರು. ಮೂರು ಅಡಿಗೆ ಆಯಸ್ಸು ಕಳೀಬೇಕಾ?

ಧಾರವಾಡ_ಪೇಡಾ
@ಬೆಣ್ಣೆದೋಸೆ ನಿಮ್ಮ ಹೊಲ ಹೋದಾಗ ಗೊತ್ತಾಗತ್ತೆ ಬಿಡ್ರಿ. ಇವತ್ತು ಮೂರು ಅಡಿ ಬಿಟ್ಟರೆ ನಾಳೆ ಆರು. ನಮ್ಮ ಕಡೆ ಬದು ಒತ್ತುವುದೇ ಹಂಗ. ವರ್ಷಕ್ಕೊಂದು ಸಾಲು ನೇಗಿಲು ಒಳಗೆ ಹಾಕುತ್ತಾರೆ, ಯಾರೂ ಕೇಳಲಿಲ್ಲ ಅಂದರೆ ಅದೇ ಹದ್ದು, ಅದೇ ಗಡಿ.

ಕಪ್ಪುಕೋಟು
ಸಿವಿಲ್ ಪ್ರಾಕ್ಟೀಸ್ ಮಾಡುವವನಾಗಿ ಎರಡು ಮಾತು. ‘ಸುಮ್ಮನೆ ಬಿಟ್ಟುಬಿಡಿ’ ಅನ್ನುವುದು ಅಪಾಯದ ಸಲಹೆ. ಬೇರೆಯವರ ಜಾಗವನ್ನು ತನ್ನದೆಂದು ಬಹಿರಂಗವಾಗಿ, ಎಡೆಬಿಡದೆ, ಮಾಲೀಕನ ಹಕ್ಕಿಗೆ ವಿರುದ್ಧವಾಗಿ 12 ವರ್ಷ ಇಟ್ಟುಕೊಂಡರೆ ಮಾಲೀಕನ ಹಕ್ಕೇ ಹೋಗಬಹುದು. 1963ರ ಕಾಲಮಿತಿ ಕಾಯ್ದೆ ಹೇಳುವುದು ಇದನ್ನೇ. ಹಾಗೆ ಹಕ್ಕು ಬಂದವನು ತಾನೇ ದಾವೆ ಹೂಡಿಯೂ ಅದನ್ನು ಕೇಳಬಹುದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಸುಮ್ಮನಿರುವುದೂ ಒಂದು ನಡೆಯೇ, ಅದಕ್ಕೂ ಬೆಲೆ ತೆರಬೇಕಾಗುತ್ತದೆ.

ಆದರೆ ಮಾಣಿಯವರೇ, ನಿಮ್ಮ ತಂದೆ ನಡೆಸುತ್ತಿರುವ ಜಗಳದಿಂದ ಆ 12 ವರ್ಷದ ಗಡಿಯಾರ ನಿಂತಿದೆಯೇ? ಸೋಗೆಯ ಫೋಟೋ, ಠಾಣೆಯ ದೂರು, ಬಾಯಿಜಗಳ, ಇದ್ಯಾವುದಕ್ಕೂ ಅದು ನಿಲ್ಲುವುದಿಲ್ಲ. ಸ್ವಾಧೀನ ವಾಪಸ್ ಕೊಡಿಸಿ ಅಂತ ದಾವೆ ಹೂಡಿದರೆ ಮಾತ್ರ ನಿಲ್ಲುತ್ತದೆ. ಬೇಲಿ ಆಗಲೇ ಸರಿದಿದೆ ಅನ್ನುತ್ತೀರಿ. ಹಾಗಿದ್ದರೆ ಬರೀ ಇಂಜಂಕ್ಷನ್ ಏಕೆ ಕೇಳಿದರು? ಹಕ್ಕಿನ ಬಗ್ಗೆಯೇ ತಕರಾರು ಎದ್ದಿದ್ದರೆ ಜಾಗ ನಮ್ಮದು ಅನ್ನುವ ಘೋಷಣೆಯನ್ನೂ ಕೇಳಬೇಕು, ಜಾಗ ಕೈಯಲ್ಲಿಲ್ಲದಿದ್ದರೆ ಸ್ವಾಧೀನವನ್ನೂ ಕೇಳಬೇಕು, ಬರೀ ಇಂಜಂಕ್ಷನ್ ಸಾಲದು ಅಂತ 2008ರ ಅನಾಥುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ.

ಅಂದರೆ ಇಷ್ಟು ವರ್ಷ ಬಡಿದಾಡಿದ್ದು ಜಾಗಕ್ಕಾಗಿ ಅಲ್ಲ, ಆ ಮಧ್ಯಂತರ ಆದೇಶಕ್ಕಾಗಿ.

ಸಾಗರದ_ಮಾಣಿ
ಸಾರ್, ಇದನ್ನು ಓದಿ ತಲೆ ತಿರುಗಿತು. ಈ ಪ್ರಶ್ನೆ ಮನೆಯಲ್ಲಿ ಯಾರೂ ಎತ್ತಿಯೇ ಇಲ್ಲ. ಊಟಕ್ಕೆ ಕೂತರೆ ಮಾತೆಲ್ಲ ‘ಅವನು ಇವತ್ತು ಏನು ಮಾಡಿದ’ ಅನ್ನೋದೇ.

ತಾಳಮದ್ದಳೆ_ಪ್ರಿಯ
ವಾಲಿಯ ಕಥೆ ಇದು. ಎದುರು ನಿಂತವನ ಅರ್ಧ ಬಲ ವಾಲಿಗೆ ಹೋಗುತ್ತದೆ ಅಂತ ವರ. ಸುಗ್ರೀವ ಎಷ್ಟು ಜೋರಾಗಿ ಎದುರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಎದುರಿಸುವುದೇ ವಾಲಿಗೆ ಆಹಾರ. ರಾಮ ಅದಕ್ಕೇ ಮರದ ಮರೆಯಲ್ಲಿ ನಿಂತ. ನಿಮ್ಮ ಪಕ್ಕದವರಿಗೂ ನಿಮ್ಮ ಅಪ್ಪಯ್ಯನ ಅರ್ಧ ಬಲ ಹೋಗುತ್ತಿದೆ.

ಗ್ರಂಥದೋಷ
ತಿದ್ದುಪಡಿ: ಆ ವರ ವಾಲ್ಮೀಕಿಯಲ್ಲಿ ಇಲ್ಲ. ಜನರ ಬಾಯಲ್ಲಿ, ಆಮೇಲಿನ ಕಥೆಗಳಲ್ಲಿ ಬಂದದ್ದು. ವಾಲ್ಮೀಕಿಯಲ್ಲಿ ವಾಲಿಗೆ ಇಂದ್ರ ಕೊಟ್ಟ ಚಿನ್ನದ ಮಾಲೆ ಇದೆ ಅಷ್ಟೇ. ಮೊದಲ ಸಲ ಸುಗ್ರೀವ ಪೆಟ್ಟು ತಿಂದು ಓಡಿ ಬಂದದ್ದು ಅಣ್ಣ ತಮ್ಮ ಇಬ್ಬರೂ ಒಂದೇ ಥರ ಕಂಡು ರಾಮ ಬಾಣ ಬಿಡಲಿಲ್ಲ ಅಂತ. ಆಮೇಲೆ ಗುರುತಿಗೆ ಕೊರಳಿಗೆ ಗಜಪುಷ್ಪದ ಬಳ್ಳಿ ಹಾಕಿ ಕಳಿಸಿದರು.

ತಾಳಮದ್ದಳೆ_ಪ್ರಿಯ
ವಾಲ್ಮೀಕಿಯಲ್ಲಿ ಇಲ್ಲದಿದ್ದರೇನಂತೆ, ನಮ್ಮಲ್ಲಿ ಇದೆಯಲ್ಲ. ನೀವು ಹೇಳಿದ್ದು ಇನ್ನೂ ಚೆನ್ನಾಗಿದೆ. ಕಾದಾಡುತ್ತಾ ಕಾದಾಡುತ್ತಾ ಇಬ್ಬರೂ ಒಂದೇ ಥರ ಕಂಡರು. ಯಾರು ಯಾರು ಅಂತ ರಾಮನಿಗೇ ಗೊತ್ತಾಗಲಿಲ್ಲ!

ಗ್ರಂಥದೋಷ
ಕಾದಾಡಿದ್ದಕ್ಕೆ ಒಂದೇ ಥರ ಕಂಡದ್ದಲ್ಲ, ಹುಟ್ಟಿನಿಂದಲೇ ಹಾಗಿದ್ದರು. ಕಥೆಯನ್ನು ನಿಮಗೆ ಬೇಕಾದ ಹಾಗೆ ಎಳೀಬೇಡಿ.

ಶೂನ್ಯಮೊತ್ತ
ಅರ್ಥಶಾಸ್ತ್ರ ಪಾಠ ಮಾಡುವವಳು ನಾನು. ಮಾರ್ಟಿನ್ ಶೂಬಿಕ್ ಅನ್ನುವವರು 1971ರಲ್ಲಿ ಒಂದು ಆಟ ಬರೆದರು, ಡಾಲರ್ ಹರಾಜು ಅಂತ. ತರಗತಿಯಲ್ಲಿ ನಾನು ಅದನ್ನು ನೂರು ರೂಪಾಯಿ ನೋಟಿಟ್ಟು ಆಡಿಸುತ್ತೇನೆ. ನಿಯಮ ಸುಲಭ. ಜಾಸ್ತಿ ಕೂಗಿದವರಿಗೆ ನೋಟು. ಆದರೆ ಎರಡನೆಯವರಾಗಿ ನಿಂತವರೂ ತಾವು ಕೂಗಿದಷ್ಟು ಕಟ್ಟಬೇಕು, ಅವರಿಗೆ ಏನೂ ಸಿಗುವುದಿಲ್ಲ.

ಶುರುವಿನಲ್ಲಿ ಎಲ್ಲರೂ ನಗುತ್ತಾ ಹತ್ತು, ಇಪ್ಪತ್ತು ಅನ್ನುತ್ತಾರೆ. ಎಂಬತ್ತು ದಾಟುವ ಹೊತ್ತಿಗೆ ಇಬ್ಬರೇ ಉಳಿದಿರುತ್ತಾರೆ. ಒಬ್ಬ ತೊಂಬತ್ತು ಅಂದ, ಇನ್ನೊಬ್ಬ ನೂರು ಅಂದ. ಈಗ ತೊಂಬತ್ತರವನು ಬಿಟ್ಟರೆ ತೊಂಬತ್ತು ಪೂರಾ ಹೋಯಿತು. ನೂರಾ ಹತ್ತು ಕೂಗಿ ಗೆದ್ದರೆ ಹೋಗುವುದು ಹತ್ತೇ. ಲೆಕ್ಕ ಸರಿಯಾಗಿಯೇ ಇದೆ, ಅದಕ್ಕೇ ಕೂಗುತ್ತಾನೆ. ಆಮೇಲೆ ಎದುರಿನವನಿಗೂ ಅದೇ ಲೆಕ್ಕ. ನೂರರ ನೋಟಿಗೆ ಇನ್ನೂರು ದಾಟುತ್ತಾರೆ. ಆ ಹೊತ್ತಿಗೆ ಯಾರ ಕಣ್ಣೂ ನೋಟಿನ ಮೇಲೆ ಇರುವುದಿಲ್ಲ, ಎದುರಿನವನ ಮುಖದ ಮೇಲೆ ಇರುತ್ತದೆ.

ಇದರಲ್ಲಿ ಯಾರೂ ದಡ್ಡರಲ್ಲ. ಪ್ರತಿ ಹೆಜ್ಜೆಯೂ ಆ ಹೊತ್ತಿಗೆ ಸರಿಯಾದದ್ದೇ. ‘ಇಷ್ಟು ಖರ್ಚು ಮಾಡಿದ ಮೇಲೆ ಈಗ ಬಿಟ್ಟರೆ?’ ಅಂತ ನಿಮ್ಮ ತಂದೆ ಖಂಡಿತ ಹೇಳಿರುತ್ತಾರೆ. ಹೌದೋ ಅಲ್ವೋ?

ಸಾಗರದ_ಮಾಣಿ
ಮೇಡಂ, ಅಕ್ಷರಶಃ ಅದೇ ಮಾತು.

ಮಂಡ್ಯದ_ಗದ್ದೆ
ಎಲ್ಲರೂ ತತ್ವ ಹೇಳುತ್ತಿದ್ದೀರಿ, ನಾನೊಂದು ಲೆಕ್ಕ ಹೇಳುತ್ತೇನೆ. ಕಾವೇರಿ ನ್ಯಾಯಮಂಡಳಿ ಆದದ್ದು 1990ರಲ್ಲಿ, ಅಂತಿಮ ತೀರ್ಪು 2007ರಲ್ಲಿ. ಕರ್ನಾಟಕಕ್ಕೆ 270 ಟಿಎಂಸಿ ಅಂದರು. ‘ಆಯ್ತು ಬಿಡಿ, ಆಟದಿಂದ ಹೊರಗೆ ಬರೋಣ’ ಅಂತ ಕೂತಿದ್ದರೆ? ಸುಪ್ರೀಂ ಕೋರ್ಟಿಗೆ ಹೋದದ್ದಕ್ಕೆ 2018ರಲ್ಲಿ 14.75 ಟಿಎಂಸಿ ಜಾಸ್ತಿ ಸಿಕ್ಕಿತು. ಅದರಲ್ಲಿ 4.75 ಬೆಂಗಳೂರಿನವರ ಕುಡಿಯುವ ನೀರು. ನೀವು ನಲ್ಲಿ ತಿರುಗಿಸುವಾಗ ಬರುವುದು ಹೋರಾಡಿದ್ದರ ಫಲ. ಹೋರಾಡಿದವರೆಲ್ಲ ಸಿಕ್ಕಿಬಿದ್ದವರಲ್ಲ.

ಬ್ಲಾಕ್_ಸಿ
@ಮಂಡ್ಯದ_ಗದ್ದೆ ಇದಕ್ಕೆ ಎದುರು ಮಾತಿಲ್ಲ.

ಶೂನ್ಯಮೊತ್ತ
ನನ್ನದಿದೆ 🙂 ಕಾವೇರಿಯಲ್ಲಿ ಕೇಳಿದ್ದು ಒಂದು ಅಂಕಿ. ಎಷ್ಟು ಟಿಎಂಸಿ, ಯಾವ ತಿಂಗಳು. ತಮಿಳುನಾಡಿನಲ್ಲಿರುವ ಅಂತರ್ಜಲವನ್ನೂ ಲೆಕ್ಕಕ್ಕೆ ಹಿಡಿದರು, ಅದಕ್ಕೆ 10 ಟಿಎಂಸಿ ಈಚೆ ಬಂತು. ವಾದಕ್ಕೆ ಒಂದು ಕೊನೆ ಇತ್ತು. ಮಾಣಿಯವರ ಅಪ್ಪನ ಡೈರಿಯಲ್ಲಿ ಅಂಕಿ ಎಲ್ಲಿದೆ? ಏನು ಕೊಟ್ಟರೆ ಅವರು ‘ಸಾಕು’ ಅನ್ನುತ್ತಾರೆ? ಅದು ಗೊತ್ತಿಲ್ಲದ ಹೋರಾಟಕ್ಕೆ ತೀರ್ಪು ಬಂದರೂ ಮುಗಿಯುವುದಿಲ್ಲ.

ಇನ್ನೊಂದು ವಿಷಯ. ಸರ್ಕಾರಕ್ಕೆ ಕೇಸು ನಡೆಸಲು ಬೇರೆ ಜನ ಇರುತ್ತಾರೆ, ಅದು ಅವರ ಉದ್ಯೋಗ. ಇಲ್ಲಿ ವಾದಿಯೂ ಅವರೇ, ಗುಮಾಸ್ತನೂ ಅವರೇ, ರಾತ್ರಿ ನಿದ್ದೆ ಬಿಡುವವರೂ ಅವರೇ.

ಮಂಡ್ಯದ_ಗದ್ದೆ
ನಿದ್ದೆ ನಾವೂ ಬಿಟ್ಟಿದ್ದೇವೆ ಮೇಡಂ. ನಾಲೆಗೆ ನೀರು ಬಿಡುತ್ತಾರೋ ಇಲ್ವೋ ಅಂತ ಕಾಯುವ ರೈತನಿಗೆ ಅದು ‘ಬೇರೆಯವರ ಉದ್ಯೋಗ’ ಅಲ್ಲ. ಅಂಕಿ ಬೇಕು ಅನ್ನುವ ಮಾತು ಮಾತ್ರ ಒಪ್ಪಿದೆ.

ಎಡಕಾರ್ನರ್
ಕಬಡ್ಡಿ ಆಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ರೈಡರ್ ಬಂದು ಕೈ ಬೀಸುತ್ತಾನೆ, ಕಾಲು ಚಾಚುತ್ತಾನೆ, ಬಾಯಲ್ಲೂ ಏನೋ ಅನ್ನುತ್ತಾನೆ. ಅವನಿಗೆ ಬೇಕಾದದ್ದು ಕಾರ್ನರ್‌ನಲ್ಲಿರುವ ನೀನು ಅರ್ಧ ಹೆಜ್ಜೆ ಮುಂದೆ ಬರುವುದು. ಬಂದೆಯೋ, ಮುಟ್ಟಿ ಹೋದ. ಹೊಸಬರು ಎಲ್ಲರೂ ಇಲ್ಲೇ ಔಟ್ ಆಗುವುದು, ‘ನನ್ನನ್ನೇ ಕೆಣಕ್ತೀಯಾ’ ಅಂತ.

ಬಲ್ಲವನು ನಿಂತಲ್ಲೇ ನಿಲ್ಲುತ್ತಾನೆ. 30 ಸೆಕೆಂಡ್ ಆದರೆ ರೈಡ್ ಮುಗಿಯಿತು. ಪ್ರೊ ಕಬಡ್ಡಿಯಲ್ಲಿ ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ. ಆಗ ಅವನು ಒಳಗೆ ಬರಲೇಬೇಕು, ಪಾಯಿಂಟ್ ತರದಿದ್ದರೆ ಅವನೇ ಔಟ್. ಆಗ ಹಿಡಿ ಕಾಲು.

ಸೋಗೆ ಎಸೆಯುವುದು ಕೈ ಬೀಸುವುದು ಅಷ್ಟೇ. ಅಪ್ಪ ಪ್ರತಿ ಸಲ ಮುಂದೆ ಬರುತ್ತಿದ್ದಾರೆ.

ಧಾರವಾಡ_ಪೇಡಾ
ಮತ್ತೆ ಬೋನಸ್ ಗೆರೆ ಮರೆತಿರೇನು? ಆರು ಜನ ಡಿಫೆಂಡರ್ಸ್ ಇದ್ದಾಗ ನೀವು ಹಿಂದೆ ನಿಂತೇ ಇದ್ದರೆ ಅವನು ಆರಾಮಾಗಿ ಗೆರೆ ದಾಟಿ ಕಾಲಿಟ್ಟು ಪಾಯಿಂಟ್ ತಗೊಂಡು ಹೋಗುತ್ತಾನೆ. ಆ ಗೆರೆಯೇ ಮೂರು ಅಡಿ ಜಾಗ!

ಎಡಕಾರ್ನರ್
ಸರಿಯಾದ ಪ್ರಶ್ನೆ 😄 ಬೋನಸ್‌ಗೆ ಕಾಲಿಡುವಾಗ ಅವನ ಇನ್ನೊಂದು ಕಾಲು ಗಾಳಿಯಲ್ಲಿ ಇರಬೇಕು. ಅಲ್ಲೇ ಆ್ಯಂಕಲ್ ಹೋಲ್ಡ್ ಸಿಗುವುದು. ಒಂದೆರಡು ಬೋನಸ್ ಕೊಟ್ಟು ಅವನ ಅಭ್ಯಾಸ ನೋಡಿಕೊಳ್ಳುವ ತಂಡಗಳೂ ಇವೆ. ಕೈ ಬೀಸಿದ್ದಕ್ಕೆಲ್ಲ ನೆಗೆಯಬೇಡಿ ಅಂದೆ. ಹಿಡಿಯಲೇಬೇಡಿ ಅಂದೆನಾ?

ಚೈನ್_ಎಳೆದವ
ಭೂಮಾಪನ ಇಲಾಖೆಯಿಂದ ನಿವೃತ್ತನಾದವನು. ಕಬಡ್ಡಿ, ರಾಮಾಯಣ ಎಲ್ಲ ಆಯಿತು, ಈಗ ಅಳತೆಗೆ ಬರೋಣ.

ನಿಮ್ಮದು ಹತ್ತು ಚೈನು ಉದ್ದ. ಒಂದು ಚೈನು 33 ಅಡಿ, ಒಟ್ಟು 330 ಅಡಿ. ಅಗಲ 3 ಅಡಿ. 990 ಚದರ ಅಡಿ ಆಯಿತು. ಒಂದು ಗುಂಟೆ ಅಂದರೆ 1089 ಚದರ ಅಡಿ. ಒಂದು ಗುಂಟೆಯೂ ತುಂಬಲಿಲ್ಲ. ಒಂಬತ್ತು ಅಡಿಗೊಂದರಂತೆ ಇಟ್ಟರೆ ಒಂದು ಸಾಲು, 36 ಮರ. ಮೂರು ಅಡಿಯಲ್ಲಿ ಆ ಸಾಲಿನ ಬೇರಿಗೂ ಸರಿಯಾಗಿ ಜಾಗ ಇಲ್ಲ.

ಇನ್ನು ಮುಖ್ಯ ವಿಷಯ. ಹಳೇ ಟಿಪ್ಪಣಿಯಲ್ಲಿ, ಅಂದರೆ ಸರ್ವೆಯ ಅಳತೆ ದಾಖಲೆಯಲ್ಲಿ, ಅಳತೆ ಇರುವುದು ಚೈನು, ಆಣೆ ಲೆಕ್ಕದಲ್ಲಿ. ಒಂದು ಚೈನಿಗೆ 16 ಆಣೆ. ಅಂದರೆ ಒಂದು ಆಣೆ ಎರಡು ಅಡಿಗಿಂತ ಚೂರು ಜಾಸ್ತಿ. ನಿಮ್ಮ ಜಗಳ ಒಂದೂವರೆ ಆಣೆಯದ್ದು. ಹಳಬರು ಕಬ್ಬಿಣದ ಚೈನು ಎಳೆದುಕೊಂಡು ಗುಡ್ಡ ಹತ್ತಿ ಇಳಿದು ಬರೆದ ಆಣೆಯಲ್ಲಿ, ನೀವಿಬ್ಬರೂ ಇಂಚು ಹುಡುಕುತ್ತಿದ್ದೀರಿ. ಬಾಂದು ಕಲ್ಲು (ಗಡಿಕಲ್ಲು) ಸಿಗದಿದ್ದರೆ ಇಬ್ಬರು ಪ್ರಾಮಾಣಿಕ ಸರ್ವೆಯರ್‌ಗಳು ಅಳೆದರೂ ಒಂದಡಿ ಆಚೀಚೆ ಬರಬಹುದು. ಈಗ ರೋವರ್ ಅನ್ನುವ ಉಪಗ್ರಹ ಆಧಾರಿತ ಅಳತೆ ಯಂತ್ರ ಬಂದಿದೆ, ಸೆಂಟಿಮೀಟರ್ ತೋರಿಸುತ್ತದೆ. ಆದರೆ ಅದು ತೋರಿಸುವುದು ನೀವು ಈಗ ಎಲ್ಲಿ ನಿಂತಿದ್ದೀರಿ ಅನ್ನುವುದನ್ನು. ಹಳಬರು ಎಲ್ಲಿ ನಿಂತಿದ್ದರು ಅನ್ನುವುದನ್ನು ಅಲ್ಲ.

ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಸರ್ವೆಯರ್ ಬಂದು ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿದ್ದೀರಾ?

ಸಾಗರದ_ಮಾಣಿ
ಇಲ್ಲ ಸಾರ್. ‘ನಮ್ಮ ಜಾಗ ನಮಗೆ ಗೊತ್ತಿಲ್ವಾ, ಅವನೇ ಅಳೆಸಲಿ’ ಅನ್ನುತ್ತಾರೆ ಅಪ್ಪಯ್ಯ. ಪಕ್ಕದವರೂ ಅದನ್ನೇ ಹೇಳುತ್ತಾರಂತೆ.

ಚೈನ್_ಎಳೆದವ
ಹ್ಞಾಂ. ಸರ್ವೀಸಿನಲ್ಲಿ ಇದನ್ನು ಎಷ್ಟು ಕೇಳಿದ್ದೇನೋ. ಅಳೆಸಿದರೆ ಉತ್ತರ ಬಂದುಬಿಡುತ್ತದಲ್ಲ, ಅದಕ್ಕೇ ಇಬ್ಬರಿಗೂ ಬೇಡ. ಅಳತೆಗೆ ಹೋದಾಗ ಜನ ಕಲ್ಲು ನೋಡುವುದಿಲ್ಲ ಸ್ವಾಮಿ, ಪಕ್ಕದವನು ಎಲ್ಲಿ ನಿಂತಿದ್ದಾನೆ, ಸರ್ವೆಯರ್ ಯಾರ ಮನೆಯಲ್ಲಿ ಕಾಫಿ ಕುಡಿದ, ಅದನ್ನು ನೋಡುತ್ತಾರೆ. ನಾನು ಕಾಫಿಯನ್ನು ಫ್ಲಾಸ್ಕಿನಲ್ಲಿ ಮನೆಯಿಂದಲೇ ಒಯ್ಯುತ್ತಿದ್ದೆ.

ಬೆಣ್ಣೆದೋಸೆ
ಫ್ಲಾಸ್ಕ್ ಕಥೆ ಸೂಪರ್ ಸಾರ್. ಪೂರ್ತಿ ಬರೀರಿ ಬೇರೆ ಥ್ರೆಡ್‌ನಲ್ಲಿ.

ಬ್ಲಾಕ್_ಸಿ
ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಇದ್ದರು. ಮೆಂಟೆನೆನ್ಸ್ ಲೆಕ್ಕದ ಬಗ್ಗೆ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಒಂದು ಕೊಂಕು ಹಾಕುವುದು, ನಾವೆಲ್ಲ ಒಂದು ಗಂಟೆವರೆಗೆ ಉತ್ತರ ಕೊಡುವುದು. ಕಮಿಟಿ ಬದಲಾಯಿತು. ಹೊಸ ಕಾರ್ಯದರ್ಶಿ ಒಬ್ಬರು ಹೆಂಗಸು, ಬ್ಯಾಂಕಿನಲ್ಲಿ ಇದ್ದವರು. ಗ್ರೂಪಿನಲ್ಲಿ ಒಂದಕ್ಷರ ಉತ್ತರ ಕೊಡಲಿಲ್ಲ. ಪ್ರತಿ ತಿಂಗಳು ಐದನೇ ತಾರೀಖು ಲೆಕ್ಕವನ್ನು ಲಿಫ್ಟಿನ ಪಕ್ಕ ಅಂಟಿಸತೊಡಗಿದರು, ಬಿಲ್ಲುಗಳ ಸಮೇತ. ಆ ಮನುಷ್ಯ ಸ್ವಲ್ಪ ದಿನ ಕೂಗಾಡಿ, ಆಮೇಲೆ ಬೀದಿನಾಯಿಗಳ ವಿಷಯಕ್ಕೆ ಹೋದರು. ಅಲ್ಲಿ ಅವರಿಗೆ ಈಗಲೂ ಒಳ್ಳೆ ಜನ ಸೇರುತ್ತಾರೆ.

ಗ್ರಂಥದೋಷ
ವಾಲಿಗಿಂತ ಇಲ್ಲಿಗೆ ಸರಿಹೋಗುವುದು ಜರಾಸಂಧ. ಭಾಗವತದಲ್ಲಿ ಅವನು 17 ಸಲ ಮಥುರೆಯ ಮೇಲೆ ದಂಡೆತ್ತಿ ಬಂದು ಸೋಲುತ್ತಾನೆ. ಪ್ರತಿ ಸಲವೂ ಗೆದ್ದದ್ದು ಯಾದವರೇ. ಆದರೂ ಕೊನೆಗೆ ಕೃಷ್ಣ ಊರನ್ನೇ ದ್ವಾರಕೆಗೆ ಸಾಗಿಸಿದ. ಗೆಲ್ಲುತ್ತಿದ್ದಾಗಲೇ ಹೊರಟ, ಅದು ಗಮನಿಸಬೇಕಾದ್ದು. ರಣದಿಂದ ಓಡಿದವನು ಅಂತ ಹೆಸರು ಬಂತು, ಬರಲಿ ಅಂದ. ಜರಾಸಂಧ ಸತ್ತದ್ದು ಆಮೇಲೆ, ಸೈನ್ಯವೇ ಇಲ್ಲದ ಕಡೆ, ಭೀಮನ ಜೊತೆ ಕುಸ್ತಿಯಲ್ಲಿ. ಆ ಜಾಗ, ಆ ಹೊತ್ತು, ಆ ಆಟ ಎಲ್ಲ ಕೃಷ್ಣ ಆರಿಸಿದ್ದು.

ತಾಳಮದ್ದಳೆ_ಪ್ರಿಯ
ಒಪ್ಪಿದೆ. ತಾಳಮದ್ದಳೆಯಲ್ಲೂ ಇದೇ. ಎದುರಿನ ಅರ್ಥಧಾರಿ (ಕೂತು ಮಾತಿನಲ್ಲೇ ಪಾತ್ರ ನಡೆಸುವವ) ಹತ್ತು ಪ್ರಶ್ನೆ ಎಸೆದ ಅಂದುಕೊಳ್ಳಿ. ಹತ್ತಕ್ಕೂ ಉತ್ತರ ಕೊಡಲು ಹೋದವನ ಪಾತ್ರ ಮುಗಿಯಿತು, ರಾತ್ರಿಯಿಡೀ ಜವಾಬು ಹೇಳುತ್ತಲೇ ಇರುತ್ತಾನೆ. ಪಳಗಿದವನು ಒಂದನ್ನು ಹಿಡಿದು, ಉಳಿದ ಒಂಬತ್ತನ್ನು ಕೇಳಿಸಿಯೇ ಇಲ್ಲವೇನೋ ಅನ್ನುವ ಹಾಗೆ ತನ್ನ ಪಾತ್ರದ ಮಾತಿಗೆ ಬರುತ್ತಾನೆ.

ಧಾರವಾಡ_ಪೇಡಾ
ಕೃಷ್ಣನಿಗೆ ದ್ವಾರಕೆ ಇತ್ತು. ಮಾಣಿಯ ಅಪ್ಪ ತೋಟ ಹೊತ್ತುಕೊಂಡು ಎಲ್ಲಿಗೆ ಹೋಗಬೇಕ್ರಿ? ಪಕ್ಕದವರು ಸಾಯೋವರೆಗೂ ಪಕ್ಕದವರೇ. ಪುರಾಣ ಹೇಳುವುದು ಸುಲಭ.

ಕಪ್ಪುಕೋಟು
ಪೇಡಾ ಅವರ ಮಾತಿನಲ್ಲಿ ಹುರುಳಿದೆ. ಹೋಗಲು ಜಾಗವಿಲ್ಲ, ಆದರೆ ಕೇಳುವ ಪ್ರಶ್ನೆ ಬದಲಿಸಬಹುದು. ‘ಅವನು ಆದೇಶ ಮುರಿದನೇ’ ಅನ್ನುವುದನ್ನು ಬಿಟ್ಟು ‘ಗಡಿ ಎಲ್ಲಿದೆ’ ಅಂತ ಕೇಳಿ. ಮೊದಲ ಪ್ರಶ್ನೆ ಇರುವಷ್ಟು ದಿನ ನಿಮ್ಮ ತಂದೆಯ ಮುಂದಿನ ಕೆಲಸ ಏನು ಅಂತ ಪಕ್ಕದವರೇ ತೀರ್ಮಾನಿಸುತ್ತಾರೆ. ಒಂದು ಸೋಗೆ ಸಾಕು. ಎರಡನೇ ಪ್ರಶ್ನೆಗೆ ಅವರ ಸೋಗೆ ಲೆಕ್ಕಕ್ಕೇ ಬರುವುದಿಲ್ಲ.

ಹದ್ದುಬಸ್ತು ಮಾಡಿಸಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಅವರೆದುರೇ ಅಳೆಯುತ್ತಾರೆ. ಅಥವಾ ಇರುವ ಕೇಸಿನಲ್ಲೇ ಸರ್ವೆಯರನ್ನು ಕೋರ್ಟ್ ಕಮಿಷನರ್ (ಸ್ಥಳ ನೋಡಿ ಕೋರ್ಟಿಗೆ ವರದಿ ಕೊಡುವವರು) ಆಗಿ ನೇಮಿಸಿ ಅಂತ ಅರ್ಜಿ ಹಾಕಬಹುದು. ಅಳತೆ ಬಂದ ಮೇಲೆ, ಬೇಕಾದರೆ ದಾವೆ ತಿದ್ದಿ ಘೋಷಣೆ ಮತ್ತು ಸ್ವಾಧೀನ ಕೇಳಿ. ಇಲ್ಲವೇ ಲೋಕ ಅದಾಲತ್‌ಗೆ ಹೋಗಿ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಅದರ ಮೇಲೆ ಅಪೀಲೂ ಇಲ್ಲ. ಅಪೀಲಿಲ್ಲ ಅನ್ನುವುದೇ ದೊಡ್ಡ ಲಾಭ. ಇಲ್ಲಿ ಯಾರು ಗೆದ್ದರೂ ಸೋತವರು ಮೇಲಿನ ಕೋರ್ಟಿಗೆ ಹೋಗುತ್ತಾರೆ, ಅಲ್ಲಿಂದ ಹೈಕೋರ್ಟಿಗೆ.

ಸಾಗರದ_ಮಾಣಿ
ಎಲ್ಲರಿಗೂ ಥ್ಯಾಂಕ್ಸ್. ಚೈನ್ ಸಾರ್ ಬರೆದ ಆಣೆ ಲೆಕ್ಕವನ್ನು ಅಪ್ಪಯ್ಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಮೊದಲು ಸಿಟ್ಟು ಬಂತು. ಆಮೇಲೆ ‘36 ಮರ ಅಂದರಾ?’ ಅಂತ ಕೇಳಿ, ಕ್ವಿಂಟಾಲಿನ ರೇಟು ಹಾಕಿ ತಾವೇ ಗುಣಿಸತೊಡಗಿದರು. ಬಹಳ ದಿನದ ಮೇಲೆ ಅಡಿಕೆ ರೇಟಿನ ಬಗ್ಗೆ ಮಾತಾಡಿದರು. ಹದ್ದುಬಸ್ತಿಗೆ ಬೇಕಾದ ಸರ್ವೆ ದಾಖಲೆಗಳ ನಕಲಿಗೆ ಅರ್ಜಿ ಹಾಕಲು ಒಪ್ಪಿದ್ದಾರೆ. ‘ಆದರೆ ಅವನಿಗೆ ಮೊದಲೇ ಗೊತ್ತಾಗಬಾರದು’ ಅಂದರು.

ಎಡಕಾರ್ನರ್
ನೋಟಿಸ್ ಹೋಗತ್ತಲ್ಲ, ಗೊತ್ತಾಗದೆ ಇರತ್ತಾ 😂

ಚೈನ್_ಎಳೆದವ
ಬರೀ ಪಹಣಿ ತಗೊಂಡು ಕೂರಬೇಡಿ. ಟಿಪ್ಪಣಿ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕಾಶೆ, ಹಿಸ್ಸಾ (ಪಾಲು) ಆಗಿದ್ದರೆ ಹಿಸ್ಸಾ ಟಿಪ್ಪಣಿ, ಎಲ್ಲದಕ್ಕೂ ಅರ್ಜಿ ಹಾಕಿ. ನಿಮ್ಮದಷ್ಟೇ ಅಲ್ಲ, ಪಕ್ಕದ ಸರ್ವೆ ನಂಬರಿನದ್ದೂ. ಗಡಿ ಇಬ್ಬರಿಗೂ ಸೇರಿದ್ದು, ಒಂದೇ ಕಡೆಯ ಕಾಗದ ನೋಡಿದರೆ ಮತ್ತೆ ಅದೇ ಜಗಳ. ಅಳತೆಯ ದಿನ ಅಪ್ಪನ ಜೊತೆ ನೀವೂ ಇರಿ. ಅವರು ಮಾತಿಗಿಳಿದರೆ ಒಳಗೆ ಕರೆದುಕೊಂಡು ಹೋಗಲು ಒಬ್ಬರು ಬೇಕಾಗುತ್ತದೆ.

ಧಾರವಾಡ_ಪೇಡಾ
ಅಳತೆಯಲ್ಲಿ ಜಾಗ ಪಕ್ಕದವರದ್ದೇ ಅಂತ ಬಂದರೆ?

ಸಾಗರದ_ಮಾಣಿ
ಅದನ್ನೇ ನಾನೂ ಕೇಳಿದೆ. ‘ಬಂದರೆ ಬರಲಿ, ಅಗಳ ತೋಡಿಸೋಣ’ ಅಂದರು. ನಿಜವಾಗಿ ಬಂದಾಗ ಏನನ್ನುತ್ತಾರೋ ನೋಡಬೇಕು. ಕಪ್ಪುಕೋಟು ಸಾರ್, ಒಂದು ಪ್ರಶ್ನೆ. ಅಳತೆಗೆ ಮೊದಲೇ ಕೇಸು ವಾಪಸ್ ತಗೊಂಡರೆ ಆಗಲ್ವಾ? ವಾಯ್ದೆಗೆ ಓಡಾಡುವುದಾದರೂ ತಪ್ಪುತ್ತದೆ.

ಕಪ್ಪುಕೋಟು
ದುಡುಕಬೇಡಿ. ಸುಮ್ನೆ ವಾಪಸ್ ತಗೊಂಡರೆ ಅದೇ ವಿಷಯಕ್ಕೆ ಮತ್ತೆ ದಾವೆ ಹೂಡುವ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 1 ನೋಡಿ. ಹೊಸ ದಾವೆಗೆ ಅವಕಾಶ ಬೇಕು ಅಂತ ಕೋರ್ಟಿನ ಅನುಮತಿ ಪಡೆದೇ ವಾಪಸ್ ತೆಗೆಯಬೇಕು, ಅದಕ್ಕೆ ಸರಿಯಾದ ಕಾರಣವನ್ನೂ ತೋರಿಸಬೇಕು. ಅಳತೆ ಕೈಗೆ ಬರುವವರೆಗೆ ಕೇಸು ಇದ್ದಲ್ಲೇ ಇರಲಿ. ವಾಯ್ದೆಗೆ ವಕೀಲರು ಹೋದರೆ ಸಾಕು. ಸಾಕ್ಷಿ ಹೇಳುವ ದಿನ ಬಿಟ್ಟು ನಿಮ್ಮ ತಂದೆ ಪ್ರತಿ ಸಲ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕಾಗಿಲ್ಲ. ಕೊನೆಗೌಡನಿಗೆ ದಿನ ಗೊತ್ತು ಮಾಡಿಕೊಳ್ಳಲು ಹೇಳಿ.